ಜೀತದ ಸುದ್ದಿ ಬರೆಯುವವರ ಬೆನ್ನಿಗೆ ನೀವಿರಿ

2017ರ ಸೆಪ್ಟೆಂಬರ್ 5ರ ರಾತ್ರಿ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಬೆಂಗಳೂರಿನ ರಾಜರಾಜೇಶ್ವರಿನಗರದ ಅವರ ಮನೆಯ ಬಾಗಿಲಲ್ಲೇ ಗುಂಡಿಕ್ಕಿ ಕೊಂದರು. ಪತ್ರಿಕೆಯ ಕೆಲಸ ಮುಗಿಸಿ ಆಗತಾನೇ ಮನೆಗೆ ಬಂದಿದ್ದರು. ಕೆಂಗೇರಿಯವರಿಗೆ, ವಿಜಯನಗರದವರಿಗೆ ಅದು ದೂರದ ಊರಲ್ಲ. ಮೈಸೂರು ರಸ್ತೆ ಹಿಡಿದು ನಾವು ಓಡಾಡುವ ಬಡಾವಣೆ. ಪ್ರಕರಣದ ವಿಚಾರಣೆ ನ್ಯಾಯಾಲಯದಲ್ಲಿ ಶುರುವಾಗುವಷ್ಟರಲ್ಲಿ 2022ರ ಜುಲೈ ಬಂದಿತ್ತು.

ಗೌರಿಯವರ ಹೆಸರು ಕೊಲೆಗೆ ಮೊದಲೇ ನಾಡಿಗೆಲ್ಲ ಗೊತ್ತಿತ್ತು. ಹೆಸರೇ ಗೊತ್ತಿಲ್ಲದ ಪತ್ರಕರ್ತರೂ ಇದ್ದಾರೆ. ಇಟ್ಟಿಗೆ ಗೂಡು, ಕಲ್ಲು ಕ್ವಾರಿ, ಒಂಟಿ ತೋಟದ ಮನೆಗಳಲ್ಲಿ ನಡೆಯುವ ಜೀತವನ್ನು ಪತ್ತೆಹಚ್ಚಿ ಬರೆಯುವ ತಾಲ್ಲೂಕು ವರದಿಗಾರರು ಅವರು. ಈ ಮನವಿ ಅವರ ಪರವಾಗಿ.

ಜೀತ ಹೋಗಿ ಕಾಲವಾಯಿತು ಎಂದು ನಮ್ಮಲ್ಲಿ ಅನೇಕರು ನಂಬಿದ್ದೇವೆ. ಕಾನೂನಿನ ಮಟ್ಟಿಗೆ ಅದು ನಿಜ. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಆದರೆ ಜೀತ ಈಗ ಬೇರೆ ವೇಷದಲ್ಲಿದೆ. ಮೇಸ್ತ್ರಿ ಬಂದು ಮುಂಗಡ ಕೊಡುತ್ತಾನೆ. ಗಂಡ, ಹೆಂಡತಿ, ಮಕ್ಕಳು ದೂರದ ಊರಿನಿಂದ ಬಂದು ಗೂಡಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಇರುತ್ತಾರೆ. ದುಡಿದ ಕೂಲಿ ಮುಂಗಡಕ್ಕೆ ವಜಾ ಆಗುತ್ತದೆ, ಲೆಕ್ಕದ ಪುಸ್ತಕ ಮಾಲೀಕನ ಬಳಿ ಇರುತ್ತದೆ. ಆಧಾರ್ ಕಾರ್ಡ್ ಕೂಡ ಅವನ ಬಳಿಯೇ. ಊರಿನಲ್ಲಿ ಸಾವಾದರೂ ಎಲ್ಲರನ್ನೂ ಒಟ್ಟಿಗೆ ಕಳಿಸುವುದಿಲ್ಲ. ಒಬ್ಬರಾದರೂ ಒತ್ತೆಯಾಗಿ ಉಳಿಯಬೇಕು.

ಈ ಕಾಯ್ದೆಯಲ್ಲಿ ನನಗೆ ಬಹಳ ದೊಡ್ಡದೆನಿಸುವ ಮಾತೊಂದಿದೆ. ಕೊಟ್ಟ ಸಾಲ ಜೀತದ ಸಾಲವಲ್ಲ ಎಂದು ಸಾಬೀತುಪಡಿಸುವ ಹೊಣೆ ಸಾಲ ಕೊಟ್ಟವನದು. ಬಡವನು ಕಾಗದ ತಂದು ತೋರಿಸಬೇಕಾಗಿಲ್ಲ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಇಷ್ಟೆಲ್ಲ ಬಲ ಕಾನೂನಿನಲ್ಲಿದ್ದರೂ, ಇಂಥ ಶೆಡ್ಡಿನಲ್ಲಿ ಇಂಥವರಿದ್ದಾರೆ ಎಂದು ಮೊದಲು ಯಾರಾದರೂ ಹೇಳಬೇಕು. ಎಷ್ಟೋ ಸಲ ಅದನ್ನು ಹೇಳುವವರು ಪತ್ರಕರ್ತರು.

ಹೇಳಿದ ಮೇಲೆ ಅವರು ಅದೇ ಊರಿನಲ್ಲಿ ಬದುಕಬೇಕು. ಗೂಡಿನ ಮಾಲೀಕ ಊರಿನ ಮುಖಂಡನಾಗಿರಬಹುದು, ಪತ್ರಿಕೆಗೆ ಜಾಹೀರಾತು ಕೊಡುವವನೂ ಆಗಿರಬಹುದು. ಮೊದಲು ಫೋನ್ ಬರುತ್ತದೆ, ಆಮೇಲೆ ಮಾನನಷ್ಟದ ನೋಟಿಸು. ನಮ್ಮಲ್ಲಿ ಮಾನನಷ್ಟ ಇಂದಿಗೂ ಕ್ರಿಮಿನಲ್ ಅಪರಾಧ. ಸುದ್ದಿಗೆ ಇಷ್ಟು ಎಂದು ಹಣ ಪಡೆಯುವ ವರದಿಗಾರನಿಗೆ ನ್ಯಾಯಾಲಯದ ಅಲೆದಾಟವೇ ಶಿಕ್ಷೆ.

ಇದು ಹಳೆಯ ಕಥೆಯೂ ಹೌದು. ಅಮೆರಿಕದ ಇಲಿನಾಯ್ ರಾಜ್ಯದ ಆಲ್ಟನ್ ಪಟ್ಟಣದಲ್ಲಿ ಎಲೈಜಾ ಲವ್‌ಜಾಯ್ ಎಂಬ ಸಂಪಾದಕರು ಗುಲಾಮಗಿರಿಯ ವಿರುದ್ಧ ಬರೆಯುತ್ತಿದ್ದರು. ದೊಂಬಿಕೋರರು ಅವರ ಮುದ್ರಣಯಂತ್ರವನ್ನು ಮೂರು ಸಲ ಹಾಳುಮಾಡಿದರು. 1837ರ ನವೆಂಬರ್ 7ರಂದು ನಾಲ್ಕನೆಯ ಯಂತ್ರವನ್ನು ಕಾಯುತ್ತಿದ್ದಾಗ ಲವ್‌ಜಾಯ್ ಗುಂಡಿಗೆ ಬಲಿಯಾದರು. ಮೂರು ಯಂತ್ರ ಹೋದಮೇಲೂ ನಾಲ್ಕನೆಯದನ್ನು ತರಿಸಿಕೊಟ್ಟವರು ಯಾರು ಎಂದು ಯೋಚಿಸಿದಾಗ ನನಗೆ ಕಾಣುವುದು ಅವರ ಓದುಗರು, ಬೆಂಬಲಿಗರು. ನಮ್ಮಲ್ಲೂ ಗೌರಿಯವರ ತಂದೆ ಪಿ. ಲಂಕೇಶರು 1980ರಲ್ಲಿ ಶುರುಮಾಡಿದ ಪತ್ರಿಕೆ ಜಾಹೀರಾತಿಲ್ಲದೆ ಓದುಗರ ದುಡ್ಡಿನಿಂದಲೇ ನಡೆಯಿತು. ಗೌರಿಯವರೂ ಅದೇ ಹಾದಿ ಹಿಡಿದರು.

ಪ್ರಿಯ ಓದುಗರೇ, ರಾಜಾಜಿನಗರದ, ಬಸವೇಶ್ವರನಗರದ ಬಂಧುಗಳೇ, ನಿಮ್ಮಲ್ಲಿ ನನ್ನ ಮೊದಲ ಕೋರಿಕೆ ಇದು. ನೀವು ನಂಬುವ ಒಂದು ಸಣ್ಣ ಪತ್ರಿಕೆಗೆ ಚಂದಾ ಕಟ್ಟಿ. ದಯವಿಟ್ಟು ಮುಂದಿನ ವರ್ಷವೂ ನವೀಕರಿಸಿ. ಜಾಹೀರಾತು ಕಳೆದುಕೊಳ್ಳುವ ಭಯವನ್ನು ಚಂದಾದಾರರು ಮಾತ್ರ ಕಡಿಮೆ ಮಾಡಬಲ್ಲರು.

ಜೀತದ ವರದಿಯೊಂದು ಪ್ರಕಟವಾದರೆ ಸಂಪಾದಕರಿಗೆ ನಾಲ್ಕು ಸಾಲು ಬರೆಯಿರಿ, ವರದಿಗಾರರ ಹೆಸರು ಹಾಕಿ ಬರೆಯಿರಿ. ಅವರ ಮೇಲೆ ಕೆಸರೆರಚುವ ಸಂದೇಶ ನಿಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಬಂದರೆ ಅದನ್ನು ಮುಂದಕ್ಕೆ ಕಳಿಸಬೇಡಿ.

ನಿಮ್ಮ ಕಣ್ಣಿಗೇ ಅನುಮಾನದ ಜಾಗ ಬೀಳಬಹುದು. ಕಟ್ಟಡದ ಕೆಲಸದಲ್ಲಿ, ಸಣ್ಣ ಕಾರ್ಖಾನೆಯಲ್ಲಿ, ಯಾರದೋ ಮನೆಯಲ್ಲಿ. ಆಗ ನೇರವಾಗಿ ಹೋಗಿ ಜಗಳ ಮಾಡಬೇಡಿ, ದುಡಿಯುವವರನ್ನು ರಾತ್ರೋರಾತ್ರಿ ಸಾಗಿಸಿಬಿಡಬಹುದು. ಅವರ ಮುಖ ಕಾಣುವ ಚಿತ್ರ ಹಂಚಬೇಡಿ. ಮಕ್ಕಳಿದ್ದರೆ 1098ಕ್ಕೆ ಕರೆ ಮಾಡಿ. ಉಳಿದಂತೆ ಜಿಲ್ಲಾಧಿಕಾರಿಗೆ ಅಥವಾ ಉಪವಿಭಾಗಾಧಿಕಾರಿಗೆ ಬರಹದಲ್ಲಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಪತ್ರಕರ್ತರು ಸಾಕ್ಷಿ ಕೇಳಿದಾಗ ಕಂಡದ್ದನ್ನು ಕಂಡಷ್ಟೇ ಹೇಳಿ. ನಿಮ್ಮ ಒಂದು ಹೇಳಿಕೆ ಮಾನನಷ್ಟದ ಮೊಕದ್ದಮೆಯಲ್ಲಿ ಅವರನ್ನು ಉಳಿಸಬಲ್ಲದು.

ವಕೀಲರಲ್ಲಿ ಮತ್ತು ಸರ್ಕಾರಿ ಸೇವೆಯಿಂದ ನಿವೃತ್ತರಾದ ಹಿರಿಯರಲ್ಲಿ ಇನ್ನೊಂದು ಮಾತು. ವಕೀಲರು ತಿಂಗಳಿಗೆ ಒಂದು ನೋಟಿಸಿಗಾದರೂ ಶುಲ್ಕವಿಲ್ಲದೆ ಉತ್ತರ ಬರೆದುಕೊಡಿ. ಹಿರಿಯರೇ, ಕಚೇರಿಯ ಕಡತ ಎಲ್ಲಿ ನಿಲ್ಲುತ್ತದೆ ಎಂಬುದು ನಿಮಗೆ ಚೆನ್ನಾಗಿ ಗೊತ್ತು. ಸುದ್ದಿ ಬಂದು, ಜೀತದವರು ಹೊರಬಂದು, ಜೀತದಿಂದ ಬಿಡುಗಡೆಯಾದುದಕ್ಕೆ ಅಧಿಕಾರಿ ಕೊಡುವ ಬಿಡುಗಡೆ ಪತ್ರ ಸಿಗದೆ ಮತ್ತೆ ಮುಂಗಡಕ್ಕೆ ಕೈಚಾಚುವುದುಂಟು. ಆ ಪತ್ರವಿದ್ದರೆ ತಕ್ಷಣದ ನೆರವಾಗಿ 30,000 ರೂಪಾಯಿವರೆಗೆ ಪಡೆಯಲು ಕೇಂದ್ರದ ಯೋಜನೆಯಲ್ಲಿ ಅವಕಾಶವಿದೆ. ನಿಮ್ಮ ಪರಿಚಯದ ವರದಿಗಾರರನ್ನು ಈ ವಾರವೇ ಕೇಳಿ, ಯಾರ ಪತ್ರ ಯಾವ ಕಚೇರಿಯಲ್ಲಿ ಬಾಕಿ ಇದೆ ಎಂದು. ಆ ಒಂದು ಕಡತವನ್ನು ನೀವು ವಹಿಸಿಕೊಳ್ಳಿ.