ಟಾಕಿಯ ನೀರಿಗೆ ಲೆಕ್ಕ ಕೇಳೋಣ ಬನ್ನಿ



ಹೂವಿನ ಹಿಪ್ಪರಗಿಯ ಬಂಧುಗಳೇ, ನಮ್ಮೂರ ಮುಂದಿನ ಗ್ರಾಮಸಭೆಗೆ ತಪ್ಪದೆ ಬನ್ನಿ. ಬಂದು ಒಂದು ಪ್ರಶ್ನೆ ಕೇಳಿ: ‘ನಮ್ಮ ಟಾಕಿಗೆ ದಿನಕ್ಕೆ ಎಷ್ಟು ನೀರು ಏರುತ್ತದೆ? ಅದರಲ್ಲಿ ಎಷ್ಟು ಮನೆಗಳಿಗೆ ಮುಟ್ಟುತ್ತದೆ?’ ಈ ಲೆಕ್ಕ ಊರ ಮುಂದೆ ಬರಬೇಕು ಎಂಬುದೇ ನನ್ನ ಮನವಿ.

ಲೆಕ್ಕ ಯಾಕೆ ಬೇಕು ಎನ್ನುವಿರಾ? ಬೆಂಗಳೂರು 2024ರ ಬೇಸಿಗೆಯಲ್ಲಿ ನೀರಿಗಾಗಿ ಹೇಗೆ ಪರದಾಡಿತು ಎಂಬುದು ಅಲ್ಲಿರುವ ನಮ್ಮ ಹುಡುಗರಿಗೆ ಗೊತ್ತು. ಸರ್ಕಾರವೇ ಕೊಟ್ಟ ಲೆಕ್ಕದಂತೆ 13,900 ಕೊಳವೆಬಾವಿಗಳಲ್ಲಿ 6,900 ಬತ್ತಿದ್ದವು. ಟ್ಯಾಂಕರ್ ನೀರಿನ ದರಕ್ಕೆ ಮಿತಿ ಹಾಕಬೇಕಾಯಿತು, ಅನೇಕ ಕಡೆ ನಳಗಳಿಗೆ ನೀರು ಉಳಿಸುವ ಏರೇಟರ್ ಕಡ್ಡಾಯವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ, ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ನೀರು ತರುವ ವ್ಯವಸ್ಥೆಯಾಯಿತು. ಆ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ ಕರೆಂಟಿನ ಬಲದ ಮೇಲೆ ಗುಡ್ಡ ಏರಿ ಬರುತ್ತದೆ.

ನಮ್ಮದೂ ಏರಿ ಬರುವ ನೀರೇ. ಡೋಣಿ ಹೊಳೆ ಈ ಸೀಮೆಯಲ್ಲೇ ಹರಿದರೂ ಅದರ ನೀರು ಸವಳು. ಆಲಮಟ್ಟಿ ಅಣೆಕಟ್ಟಿನಲ್ಲಿ 123 ಟಿಎಂಸಿ ನೀರು ನಿಂತರೂ ಕೃಷ್ಣೆ ಎತ್ತರದ ಎರೆನೆಲಕ್ಕೆ ತಾನಾಗಿ ಹರಿದು ಬರುವುದಿಲ್ಲ, ಪಂಪಿನಿಂದ ಎತ್ತಬೇಕು. ಕೊಳವೆಬಾವಿಯ ನೀರಿಗೂ ಮೋಟಾರು ಬೇಕು. ಹಾಗಾಗಿ ನೀರು ಸೋರಿದರೆ ಕರೆಂಟೂ ಸೋರಿತು, ಪಂಚಾಯಿತಿಯ ದುಡ್ಡೂ ಸೋರಿತು.

ಸೋರುವುದೆಷ್ಟು ಎಂದು ಗೊತ್ತಾಗಬೇಕಾದರೆ ಅಳೆಯಬೇಕು. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ಎಂದು ಗುರಿ ಇಟ್ಟಿದೆ. ಐದು ಸಾವಿರ ಜನರ ಊರಿಗೆ ಅದು 2,75,000 ಲೀಟರ್. ಅದರಲ್ಲಿ ಐದನೇ ಒಂದು ಪಾಲು ಪೋಲಾದರೂ 55,000 ಲೀಟರ್ ಹೋಯಿತು, ಅಂದರೆ ಸಾವಿರ ಜನರ ಒಂದು ದಿನದ ನೀರು. ಆ ಸಾವಿರ ಜನ ಯಾವಾಗಲೂ ಕೊನೆಯ ಓಣಿಯವರೇ ಆಗಿರುತ್ತಾರೆ.

ಸೋರಿಕೆಯಲ್ಲಿ ಇನ್ನೊಂದು ಅಪಾಯವಿದೆ. ನೀರು ಬಿಡುವಾಗ ಪೈಪಿನೊಳಗೆ ಒತ್ತಡವಿರುವುದರಿಂದ ಬಿರುಕಿನಿಂದ ನೀರು ಹೊರಗೆ ಚಿಮ್ಮುತ್ತದೆ. ವಾಲ್ವ್ ಬಂದ್ ಮಾಡಿದ ಮೇಲೆ ಪೈಪು ಬರಿದಾಗುತ್ತದೆ. ಆಗ ಅದೇ ಬಿರುಕು ಸುತ್ತಲಿನ ರಾಡಿ ನೀರನ್ನು, ಗಟಾರದ ಹೊಲಸನ್ನು ಒಳಗೆ ಎಳೆದುಕೊಳ್ಳುತ್ತದೆ. ಮರುದಿನ ಕೊಡಕ್ಕೆ ಮೊದಲು ಬೀಳುವುದು ಅದೇ ನೀರು. ಇದಕ್ಕೆ ಸಾಕ್ಷಿ ನಮ್ಮ ಕಡೆಯೇ ಇದೆ: ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ಬಡಾವಣೆಗಳಲ್ಲಿ 2008ರ ಹೊತ್ತಿಗೆ ಮೀಟರ್ ಸಹಿತ 24 ತಾಸಿನ ನೀರು ಬಂತು. ಹುಬ್ಬಳ್ಳಿ-ಧಾರವಾಡದಲ್ಲಿ ಅಂಥ ಬಡಾವಣೆಗಳ ನೀರನ್ನೂ ಬಿಟ್ಟು ಬಿಟ್ಟು ಬರುವ ಕಡೆಯ ನೀರನ್ನೂ ಪರೀಕ್ಷಿಸಿದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು, ಸದಾ ತುಂಬಿದ ಪೈಪಿನ ನೀರೇ ಹೆಚ್ಚು ಶುದ್ಧವೆಂದು 2013ರಲ್ಲಿ ವರದಿ ಮಾಡಿದರು.

ಈಗ ಎಲ್ಲೆಡೆ ಸೆನ್ಸರ್, ಆ್ಯಪ್, ಸ್ಮಾರ್ಟ್ ಸಿಟಿಯ ಮಾತು. ನಾನು ಅದರ ವಿರೋಧಿಯಲ್ಲ, ನಮ್ಮೂರಿಗೂ ಅದು ಬರಲಿ ಎಂದು ಬಯಸುವವನು. ಆದರೆ ಹುಬ್ಬಳ್ಳಿಯಲ್ಲೇ ನಡೆದ ಒಂದು ಪ್ರಯೋಗದಿಂದ ನಾವು ಪಾಠ ಕಲಿಯಬೇಕು. ಸುಮಾರು 2011ರಲ್ಲಿ ಅಲ್ಲಿ ‘ನೆಕ್ಸ್ಟ್‌ಡ್ರಾಪ್’ ಎಂಬ ಸೇವೆ ಶುರುವಾಯಿತು. ವಾಲ್ವ್ ತಿರುಗಿಸುವ ನೌಕರ ಫೋನ್ ಮಾಡಿ ತಿಳಿಸಿದರೆ, ನಿಮ್ಮ ಓಣಿಗೆ ಇಂಥ ಹೊತ್ತಿಗೆ ನೀರು ಬರುತ್ತದೆ ಎಂದು ಮನೆಗಳಿಗೆ ಸಂದೇಶ ಹೋಗುತ್ತಿತ್ತು. ನೀರಿಗಾಗಿ ಕೂಲಿ ಬಿಟ್ಟು ಕಾಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಮುಂದೆ ಬೆಂಗಳೂರಿನಲ್ಲಿ ಇದೇ ಸೇವೆಯನ್ನು ಅಧ್ಯಯನ ಮಾಡಿದಾಗ ನಿರೀಕ್ಷಿಸಿದಷ್ಟು ಫಲ ಕಾಣಲಿಲ್ಲ. ಅನೇಕ ಕಡೆ ವಾಲ್ವ್ ನೌಕರರಿಂದ ಸರಿಯಾಗಿ ಮಾಹಿತಿಯೇ ಬರುತ್ತಿರಲಿಲ್ಲ. ಮೊದಲೇ ಕೈತುಂಬ ಕೆಲಸವಿದ್ದವರ ಹೆಗಲಿಗೆ ಇನ್ನೊಂದು ಕೆಲಸ ಬಿದ್ದರೆ ಹೀಗಾಗುವುದು ಸಹಜ. ನಮ್ಮ ಕಡೆ ಇನ್ನೊಂದು ತೊಡಕೂ ಇದೆ: ಫೋನು ಗಂಡಸರ ಕಿಸೆಯಲ್ಲಿ, ಕೊಡ ಹೆಂಗಸರ ಸೊಂಟದ ಮೇಲೆ. ಸಂದೇಶ ಯಾರಿಗೆ ಬಂದರೆ ಉಪಯೋಗ ಎಂಬುದನ್ನು ಮೊದಲು ಯೋಚಿಸಬೇಕು.

ಹೀಗಾಗಿ ನನ್ನ ಮಾತು ಇಷ್ಟು: ಊರ ನೀರಿನ ಜಾಣತನ ನೀರು ಬಿಡುವವರ ಕೈಯಲ್ಲಿದೆ. ಯಾವ ವಾಲ್ವ್ ಎಷ್ಟು ಸುತ್ತು ತಿರುಗಿಸಿದರೆ ಯಾವ ಓಣಿಗೆ ನೀರು ಏರುತ್ತದೆ, ಎಲ್ಲಿ ಪೈಪು ಹಳೆಯದು, ಎಲ್ಲಿ ನೆಲ ಸದಾ ತೇವ ಎಂಬುದೆಲ್ಲ ಅವರಿಗೆ ಬಾಯಿಪಾಠ. ಅವರನ್ನು ಬಿಟ್ಟು ತಂದ ಯಂತ್ರ ಬಹಳ ದಿನ ನಡೆಯುವುದಿಲ್ಲ.

ನೌಕರರನ್ನು ಕಟ್ಟಿಕೊಂಡು ನೀರಿನ ಲೆಕ್ಕ ಇಡುವುದನ್ನು ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್ ಮಾಡಿ ತೋರಿಸಿದೆ. ಯುದ್ಧದಲ್ಲಿ ನಲುಗಿದ ಆ ನಗರದಲ್ಲಿ 1993ರಲ್ಲಿ ನೂರು ಕೊಡ ನೀರು ಬಿಟ್ಟರೆ 72 ಕೊಡಕ್ಕೆ ಲೆಕ್ಕವೇ ಸಿಗುತ್ತಿರಲಿಲ್ಲ. ಎಕ್ ಸೋನ್ ಚಾನ್ ಎಂಬ ಎಂಜಿನಿಯರ್ ಮುಂದಾಳಾದ ಮೇಲೆ ಮನೆಗಳ ಪಟ್ಟಿ ಹೊಸದಾಗಿ ತಯಾರಾಯಿತು. ಅಧಿಕಾರಸ್ಥರೆನ್ನದೆ ಬಡವರೆನ್ನದೆ ಎಲ್ಲ ನಳಕ್ಕೂ ಮೀಟರ್ ಬಂತು. ಸೋರಿಕೆ ಹುಡುಕುವ ತಂಡಗಳನ್ನು ಕಟ್ಟಲಾಯಿತು, ಚೆನ್ನಾಗಿ ದುಡಿದವರಿಗೆ ಬಹುಮಾನ ಸಿಕ್ಕಿತು. 2008ರ ಹೊತ್ತಿಗೆ ಆ 72 ಆರರ ಆಸುಪಾಸಿಗೆ ಇಳಿಯಿತು. 2006ರಲ್ಲಿ ಚಾನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಅಷ್ಟು ದೂರ ಹೋಗುವುದೂ ಬೇಡ. 17ನೇ ಶತಮಾನದಲ್ಲಿ ನಮ್ಮ ವಿಜಯಪುರ ದಕ್ಷಿಣ ಏಷ್ಯಾದ ದೊಡ್ಡ ನಗರಗಳಲ್ಲೊಂದು. ಆ ಜನಸಂದಣಿಗೆ ಹತ್ತಿರದ ತೊರವಿಯಿಂದ ನೆಲದೊಳಗಿನ ಸುರಂಗಗಳಲ್ಲಿ ನೀರು ಬರುತ್ತಿತ್ತು. 1651ರಲ್ಲಿ ಸುಲ್ತಾನ ಮುಹಮ್ಮದ್ ಆದಿಲ್‌ಷಾ ಕಟ್ಟಿಸಿದ ಬೇಗಂ ತಲಾಬ್ ಕೆರೆಯಿಂದ ಮಣ್ಣಿನ ಕೊಳವೆಗಳಲ್ಲಿ ಹರಿದು ಬರುತ್ತಿತ್ತು. ದಾರಿಯುದ್ದಕ್ಕೂ ‘ಗಂಜ್’ ಎಂಬ ಗೋಪುರಗಳನ್ನು ಕಟ್ಟಿ ಒತ್ತಡ ತಗ್ಗಿಸುತ್ತಿದ್ದರು, ಕೊಳವೆ ಒಡೆಯದಿರಲೆಂದು. ಕೆಲವು ಗಂಜ್‌ಗಳು ಇಂದಿಗೂ ನಿಂತಿವೆ. ಕರೆಂಟೇ ಇಲ್ಲದ ಕಾಲದಲ್ಲಿ ಇಷ್ಟು ಮಾಡಿದ ನೆಲದವರು ನಾವು, ನಮ್ಮೂರ ಒಂದು ಟಾಕಿಯ ಲೆಕ್ಕ ಇಡಲಾರೆವೇ?

ಗ್ರಾಮಸಭೆಯ ಠರಾವಿನಲ್ಲಿ ನಾಲ್ಕು ಮಾತು ಬರೆಸೋಣ.

ಒಂದು, ಟಾಕಿಗೆ ನೀರು ಏರುವಲ್ಲಿ ಮತ್ತು ಟಾಕಿಯಿಂದ ಹೊರಡುವಲ್ಲಿ ದೊಡ್ಡ ಮೀಟರ್ ಕೂಡಿಸಬೇಕು. ವಾರಕ್ಕೊಮ್ಮೆ ಅದರ ಅಂಕಿಯನ್ನು ಪಂಚಾಯಿತಿಯ ಫಲಕದಲ್ಲಿ ಬರೆಯಬೇಕು.

ಎರಡು, ಟಾಕಿ ತುಂಬಿದ ಕೂಡಲೇ ಮೋಟಾರು ತಾನಾಗಿ ನಿಲ್ಲುವ ಸ್ವಿಚ್ಚು, ನೀರಿನ ಮಟ್ಟ ತೋರಿಸುವ ಸೆನ್ಸರ್ ಹಾಕಿಸಬೇಕು. ಊರು ಮಲಗಿದ ಮೇಲೆ, ನಳಗಳೆಲ್ಲ ಬಂದಾಗಿರುವ ಹೊತ್ತಿನಲ್ಲೂ ಟಾಕಿಯ ಮಟ್ಟ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ದೊಡ್ಡ ನಗರಗಳೂ ಸೋರಿಕೆ ಹಿಡಿಯುವುದು ಇದೇ ಉಪಾಯದಿಂದ.

ಮೂರು, ನೀರು ಬಿಡುವವರಿಗೆ ತಿಂಗಳು ತಿಂಗಳು ತಪ್ಪದೆ ಸಂಬಳ, ತರಬೇತಿ, ಕೈಗೆ ಬೇಕಾದ ಸಾಮಾನು ಸಿಗಬೇಕು. ಅವರು ತಿಳಿಸಿದ ಸೋರಿಕೆ ಇಂತಿಷ್ಟು ದಿನದೊಳಗೆ ದುರಸ್ತಿಯಾಗಬೇಕು.

ನಾಲ್ಕು, ನೀರು ಬರುವ ಹೊತ್ತು ಮನೆಯ ಹೆಂಗಸರ ಫೋನಿಗೇ ತಿಳಿಯಬೇಕು. ಫೋನಿಲ್ಲದವರಿಗಾಗಿ ಧ್ವನಿವರ್ಧಕದಲ್ಲಿ ಕೂಗಿಸಬೇಕು.

ಮನೆಯಲ್ಲಿ ನಾವು ಮಾಡುವುದೂ ಇದೆ. ನಳಕ್ಕೆ ಮೀಟರ್ ಇದ್ದವರು, ನೀರು ಬರುವ ಹೊತ್ತಿನಲ್ಲಿ ಮನೆಯ ನಳಗಳನ್ನೆಲ್ಲ ಬಂದ್ ಮಾಡಿ ಮೀಟರಿನ ಮುಳ್ಳು ನೋಡಿ. ಅದು ತಿರುಗುತ್ತಿದ್ದರೆ ಸೋರಿಕೆ ನಿಮ್ಮ ಮನೆಯಲ್ಲೇ ಇದೆ. ನಳಕ್ಕೆ ನೇರವಾಗಿ ಮೋಟಾರು ಹಚ್ಚಿ ಎಳೆಯುವುದನ್ನು ದಯವಿಟ್ಟು ನಿಲ್ಲಿಸಿ. ನೀವು ಎಳೆದ ನೀರು ಮುಂದಿನ ಮನೆಯ ಪಾಲು, ಜೊತೆಗೆ ಗಟಾರದ ಹೊಲಸೂ ಪೈಪಿಗೆ ಬರುತ್ತದೆ. ಮೀಟರ್ ಬಂದರೆ ಬಡವರಿಗೆ ಬಿಲ್ಲಿನ ಹೊರೆ ಎಂಬ ಭಯ ಸುಳ್ಳಲ್ಲ. ಐದು ಜನರ ಮನೆಗೆ ತಲೆಗೆ 55 ಲೀಟರಿನಂತೆ ತಿಂಗಳಿಗೆ 8,250 ಲೀಟರ್ ಆಗುತ್ತದೆ. ಅಷ್ಟಕ್ಕೆ ದರ ಹಗುರವಾಗಿರಲಿ, ಅದಕ್ಕೂ ಮೀರಿ ಬಳಸುವವರು ಹೆಚ್ಚು ಕೊಡಲಿ ಎಂದು ಅದೇ ಸಭೆಯಲ್ಲಿ ಗಟ್ಟಿಯಾಗಿ ಹೇಳೋಣ.

ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿರುವ ತಮ್ಮಂದಿರೇ, ತಂಗಿಯರೇ, ಜಾತ್ರೆಗೆ ಬಂದಾಗ ಒಂದು ದಿನ ಹೆಚ್ಚಿಗೆ ಉಳಿಯಿರಿ. ನೀರು ಬಿಡುವವರ ಜೊತೆ ಊರು ಸುತ್ತಿ, ಅವರು ತೋರಿಸಿದ ಒಂದೊಂದು ವಾಲ್ವನ್ನೂ ಪೈಪನ್ನೂ ಮೊಬೈಲಿನ ನಕಾಶೆಯಲ್ಲಿ ಗುರುತು ಹಾಕಿ ಪಂಚಾಯಿತಿಗೆ ಕೊಡಿ. ಇವತ್ತು ಅದು ಅವರ ತಲೆಯಲ್ಲಷ್ಟೇ ಇದೆ. ಊರು ಬೆಳೆಯುತ್ತಿದೆ, ಹೊಸ ಓಣಿಗಳು ಏಳುತ್ತಿವೆ. ಬೆಂಗಳೂರು ಬಾವಿ ಬತ್ತಿದ ಮೇಲೆ ಪರದಾಡಿತು. ನಮಗೆ ಇನ್ನೂ ಸಮಯವಿದೆ, ಆ ಸಮಯ ಕಳೆದುಕೊಳ್ಳುವುದು ಬೇಡ. ಗ್ರಾಮಸಭೆಯ ದಿನ ಡಂಗುರ ಕೇಳಿದಾಗ ಮನೆಗೊಬ್ಬರಾದರೂ ಹೊರಡಿ, ಅದರಲ್ಲೂ ನೀರು ತುಂಬುವ ಅಕ್ಕಂದಿರು ಮುಂದಿನ ಸಾಲಿನಲ್ಲಿ ಕೂತು ಮೊದಲು ನೀವೇ ಲೆಕ್ಕ ಕೇಳಿ.