ದುಡಿಮೆಯ ನಡುವಿನ ನಗು: ಮಾಲೀಕರ ಪಾಲೆಷ್ಟು?

ಆಯುಧಪೂಜೆಯ ಹಿಂದಿನ ಸಂಜೆ ಬೆಂಗಳೂರಿನ ಪೀಣ್ಯದಲ್ಲಾಗಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಾಗಲಿ, ಬೆಳಗಾವಿಯ ಉದ್ಯಮಬಾಗದಲ್ಲಾಗಲಿ ಒಂದು ಸುತ್ತು ಬಂದವರಿಗೆ ಕಾಣುವ ನೋಟ ಬಹುಮಟ್ಟಿಗೆ ಒಂದೇ. ವರ್ಷವಿಡೀ ಎಣ್ಣೆಯ ಜಿಡ್ಡಿನಲ್ಲಿದ್ದ ಲೇತ್ ಯಂತ್ರವನ್ನು ಅದರ ಮುಂದೆ ನಿಂತು ದುಡಿಯುವವನೇ ತಿಕ್ಕಿ ಒರೆಸಿ, ಅರಿಶಿನ ಕುಂಕುಮವಿಟ್ಟು, ಬಾಳೆಕಂದು ಕಟ್ಟುತ್ತಾನೆ. ತಮ್ಮ ವಿಭಾಗದ ಅಲಂಕಾರ ಪಕ್ಕದ ವಿಭಾಗದ್ದಕ್ಕಿಂತ ಒಂದು ಕೈ ಮೇಲಾಗಬೇಕೆಂಬ ಹಟ ಎಲ್ಲರಲ್ಲಿಯೂ ಇರುತ್ತದೆ. ಎಂದೂ ಗದರುವ ಮೇಲ್ವಿಚಾರಕರು ಅಂದು ತಾವೇ ಹಾಸ್ಯಕ್ಕೆ ಗುರಿಯಾಗಿ ನಗುತ್ತಾರೆ. ಕತ್ತಲಾದ ಮೇಲೂ ನಡೆಯುವ ಈ ಕೆಲಸಕ್ಕೆ ಹೆಚ್ಚುವರಿ ವೇಳೆಯ ವೇತನ ಕೇಳುವವರು ವಿರಳ. ಇದೇ ಜನ ಮರುವಾರ ಪಾಳಿಯ ಗಂಟೆ ಬಾರಿಸುವುದಕ್ಕೆ ಐದು ನಿಮಿಷ ಮೊದಲೇ ಕೈ ತೊಳೆದು ಬಾಗಿಲ ಬಳಿ ನಿಂತಿರುತ್ತಾರೆ. ಜನ ಅವರೇ, ಯಂತ್ರವೂ ಅದೇ. ಹಾಗಿದ್ದರೆ ನಡುವೆ ಬದಲಾದುದೇನು ಎಂಬ ಪ್ರಶ್ನೆಯನ್ನು ನಮ್ಮ ಉದ್ದಿಮೆದಾರರು ಗಂಭೀರವಾಗಿ ಕೇಳಿಕೊಳ್ಳಬೇಕಾಗಿದೆ.

ದುಡಿಮೆಯ ಸ್ಥಳದಲ್ಲಿ ವಿನೋದವಿರಬೇಕೇ ಎಂಬ ವಿಷಯದಲ್ಲಿ ನಮ್ಮಲ್ಲಿ ಎರಡು ಪಂಗಡಗಳಿವೆ. ನಗು ಕೇಳಿಬಂದ ಕಡೆ ಕೆಲಸ ನಿಂತಿದೆ ಎಂದು ಭಾವಿಸುವುದು ಹಳೆಯ ಪಂಗಡ. ಹೊಸ ಪಂಗಡದವರು ನಗುವನ್ನೂ ಕಚ್ಚಾವಸ್ತುವಿನಂತೆ ಹೊರಗಿನಿಂದ ತರಿಸಿಕೊಳ್ಳಬಹುದೆಂದು ನಂಬಿದವರು. ಇವರು ಶುಕ್ರವಾರದ ಆಟ, ರೆಸಾರ್ಟಿನ ಪ್ರವಾಸ, ವೇಷಭೂಷಣ ಸ್ಪರ್ಧೆ ಇತ್ಯಾದಿಗಳನ್ನು ಗುತ್ತಿಗೆಗೆ ಕೊಟ್ಟು, ಹಾಜರಿ ಹಾಕಿಸಿ, ಛಾಯಾಚಿತ್ರ ತೆಗೆಸಿ, ವಾರ್ಷಿಕ ವರದಿಯಲ್ಲಿ ಮುದ್ರಿಸುತ್ತಾರೆ. ಮೇಲುನೋಟಕ್ಕೆ ಪರಸ್ಪರ ವಿರುದ್ಧವಾದ ಈ ನಿಲುವುಗಳ ಅಡಿಯಲ್ಲಿರುವ ತಪ್ಪು ಒಂದೇ. ನೌಕರನ ಉಲ್ಲಾಸ ಮಾಲೀಕನ ಅಪ್ಪಣೆಯಿಂದ ನಿಲ್ಲುತ್ತದೆ ಅಥವಾ ಹುಟ್ಟುತ್ತದೆ ಎಂದು ಇಬ್ಬರೂ ತಿಳಿದಿದ್ದಾರೆ.

ಹಳೆಯ ಪಂಗಡದ ಪರಾಕಾಷ್ಠೆಯನ್ನು ಕಾಣಬೇಕಾದರೆ ಅಮೆರಿಕದ ಫೋರ್ಡ್ ಕಂಪನಿಯ ರಿವರ್ ರೂಜ್ ಕಾರ್ಖಾನೆಗೆ ಹೋಗಬೇಕು. ಅಲ್ಲಿ 1940ರಲ್ಲಿ ಕಾರ್ಮಿಕನೊಬ್ಬನನ್ನು ಮುಗುಳ್ನಕ್ಕ ಆರೋಪದ ಮೇಲೆ ಕೆಲಸದಿಂದ ತೆಗೆಯಲಾಯಿತು. ಜೊತೆಗಾರರೊಂದಿಗೆ ನಕ್ಕು ಜೋಡಣಾ ಸಾಲನ್ನು ಪ್ರಾಯಶಃ ಅರ್ಧ ನಿಮಿಷ ತಡೆದನೆಂಬ ಅಪರಾಧ ಅದಕ್ಕೂ ಮೊದಲೇ ಅವನ ಹೆಸರಿನಲ್ಲಿ ದಾಖಲಾಗಿತ್ತು. ಸ್ವಾರಸ್ಯವೆಂದರೆ, ಅದೇ 1940ರ ಜೂನ್ ತಿಂಗಳಿನಲ್ಲಿ, ಯುದ್ಧದ ನಡುವೆ, ಬ್ರಿಟನ್ನಿನ ಬಿಬಿಸಿ ಕಾರ್ಖಾನೆಗಳ ಕೆಲಸಗಾರರಿಗೆಂದೇ ‘ಮ್ಯೂಸಿಕ್ ವೈಲ್ ಯು ವರ್ಕ್’ ಎಂಬ ಸಂಗೀತ ಕಾರ್ಯಕ್ರಮವನ್ನು ಆರಂಭಿಸಿತು. ಅದು 1967ರವರೆಗೂ ನಡೆಯಿತು. ಒಂದೊಂದು ನಿಮಿಷದ ಉತ್ಪಾದನೆಗೂ ರಾಷ್ಟ್ರದ ಅಳಿವು ಉಳಿವಿನ ಬೆಲೆಯಿದ್ದ ಕಾಲದಲ್ಲಿ ಆ ದೇಶ ಹಾಡನ್ನು ಕಾರ್ಖಾನೆಯೊಳಕ್ಕೆ ಬಿಟ್ಟುಕೊಂಡಿತೆಂಬುದು ಗಮನಾರ್ಹ.

ನಮ್ಮ ಹಿರಿಯರಿಗಂತೂ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೀಸುವ ಪದ, ಕುಟ್ಟುವ ಪದ, ನಾಟಿಯ ಪದಗಳೆಲ್ಲ ದುಡಿಮೆಯ ನಡುವೆಯೇ ಹುಟ್ಟಿದವು. ಕೈ ನಿಲ್ಲದಂತೆ ನೋಡಿಕೊಳ್ಳುವುದೇ ಅವುಗಳ ಕೆಲಸವಾಗಿತ್ತು. ಇದರ ಆಧುನಿಕ ರೂಪವನ್ನು ನೆರೆಯ ಕಣ್ಣೂರಿನಲ್ಲಿ ಕಾಣಬಹುದಾಗಿತ್ತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಕೇರಳದಲ್ಲಿ ಜಾರಿಗೆ ಬರುತ್ತಲೇ ಮಂಗಳೂರು ಮೂಲದ ಬೀಡಿ ಉದ್ದಿಮೆಗಳು ಅಲ್ಲಿನ ಶಾಖೆಗಳನ್ನು ಮುಚ್ಚಿದವು. ಕೆಲಸ ಕಳೆದುಕೊಂಡವರಿಗಾಗಿ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ತಲೆಯೆತ್ತಿತು. ಅಲ್ಲಿ ಒಬ್ಬನು ದಿನಪತ್ರಿಕೆಯನ್ನೋ ಕಾದಂಬರಿಯನ್ನೋ ಗಟ್ಟಿಯಾಗಿ ಓದುವುದು, ಉಳಿದವರು ಕೇಳುತ್ತ, ವಾದಿಸುತ್ತ, ನಗುತ್ತ ಬೀಡಿ ಕಟ್ಟುವುದು ರೂಢಿಯಾಗಿತ್ತು. ಓದುವವನ ಪಾಲಿನ ಬೀಡಿಯನ್ನು ಜೊತೆಗಾರರೇ ಕಟ್ಟಿ ಅವನ ಕೂಲಿಗೆ ಕೊರತೆಯಾಗದಂತೆ ನೋಡಿಕೊಳ್ಳುತ್ತಿದ್ದರು. ಎಲೆ ಕತ್ತರಿಸಿ, ಸೊಪ್ಪು ತುಂಬಿ, ಸುತ್ತಿ, ನೂಲು ಬಿಗಿಯುವ ಕೆಲಸದಲ್ಲಿ ಕಣ್ಣು ಕೈಗಳಿಗೆ ಬಿಡುವಿಲ್ಲ, ಕಿವಿಗೆ ಬಿಡುವುಂಟು. ಆ ಬಿಡುವನ್ನು ಹೇಗೆ ಬಳಸಬೇಕೆಂಬುದನ್ನು ಅವರೇ ಕಂಡುಕೊಂಡರು.

ಈ ವಿಷಯದಲ್ಲಿ ನಮ್ಮ ಸಣ್ಣ ಉದ್ದಿಮೆದಾರರು ತಪ್ಪದೆ ತಿಳಿದುಕೊಳ್ಳಬೇಕಾದ ಅಧ್ಯಯನವೆಂದರೆ ಅಮೆರಿಕದ ಸಮಾಜಶಾಸ್ತ್ರಜ್ಞ ಡೊನಾಲ್ಡ್ ರಾಯ್ ಅವರದು. ಅವರು ಸ್ವತಃ ಒಂದು ಕಾರ್ಖಾನೆಯಲ್ಲಿ ಯಂತ್ರದ ಮುಂದೆ ನಿಂತು, ಅಚ್ಚಿನಿಂದ ತುಂಡುಗಳನ್ನು ಒತ್ತಿ ತೆಗೆಯುವ ಕೆಲಸವನ್ನು ದಿನಕ್ಕೆ 12 ಗಂಟೆ, ವಾರಕ್ಕೆ ಆರು ದಿನಗಳಂತೆ ಮಾಡಿದರು. ಕೋಣೆಯಲ್ಲಿದ್ದವರು ಒಟ್ಟು ನಾಲ್ವರು. ಮೊದಮೊದಲು ಬೇಸರ ಅಸಹನೀಯವಾಗಿತ್ತು. ಕ್ರಮೇಣ ಒಂದು ಸಂಗತಿ ಅವರ ಅರಿವಿಗೆ ಬಂತು. ದಿನದ ನಿಗದಿತ ಹೊತ್ತಿಗೆ ಒಬ್ಬನು ತಾನು ತಂದ ಪೀಚ್ ಹಣ್ಣುಗಳನ್ನು ಎಲ್ಲರಿಗೂ ಹಂಚುತ್ತಿದ್ದನು. ಇನ್ನೊಬ್ಬನು ಅವನ ಊಟದ ಡಬ್ಬಿಯಿಂದ ಬಾಳೆಹಣ್ಣನ್ನು ಹಾರಿಸಿ, ‘ಬಾಳೆಹಣ್ಣಿನ ಹೊತ್ತು’ ಎಂದು ಕೂಗಿ, ತಾನೇ ತಿಂದು ಮುಗಿಸುತ್ತಿದ್ದನು. ಹಣ್ಣಿನ ಒಡೆಯ ದಿನವೂ ಜಗಳವಾಡುತ್ತಿದ್ದನು. ಮರುದಿನ ತಪ್ಪದೆ ಮತ್ತೊಂದು ಬಾಳೆಹಣ್ಣನ್ನು ತರುತ್ತಿದ್ದನು. ಇಂತಹ ಹಲವು ‘ಹೊತ್ತು’ಗಳು ಹನ್ನೆರಡು ಗಂಟೆಗಳ ಏಕತಾನತೆಯನ್ನು ತುಂಡುತುಂಡಾಗಿ ಕತ್ತರಿಸಿ ಸಹ್ಯವಾಗಿಸುತ್ತಿದ್ದವು.

ಒಂದು ದಿನ ಅದೇ ಕೋಣೆಯಲ್ಲಿ, ಹಿರಿಯ ಕೆಲಸಗಾರನೊಬ್ಬನು ಹೆಮ್ಮೆಪಡುತ್ತಿದ್ದ ಬೀಗತನದ ವಿಷಯದಲ್ಲಿ ಆಡಿದ ಹಾಸ್ಯ ಅತಿಯಾಯಿತು. ಅದಕ್ಕೆ ಪ್ರಚೋದನೆ ಕೊಟ್ಟವರು ರಾಯ್ ಅವರೇ. ಹಿರಿಯನು ಮಾತು ಬಿಟ್ಟನು. ಪೀಚ್ ಹಣ್ಣಿನ ಹಂಚಿಕೆ ನಿಂತಿತು, ಬಾಳೆಹಣ್ಣಿನ ಕಳ್ಳತನವೂ ನಿಂತಿತು. ಮಾಯವಾಗಿದ್ದ ಆಯಾಸ ಮತ್ತು ಬೇಸರ ಹಿಂದಿರುಗಿದವು. ದಿನಗಳು ಕಳೆದು ಮಾತು ಮರಳಿದ ಮೇಲೆಯೇ ಕೋಣೆ ಮೊದಲಿನಂತಾಯಿತು. ಆ ಅವಧಿಯಲ್ಲಿ ಕೆಲಸದ ಹೊರೆಯಾಗಲಿ, ವೇತನವಾಗಲಿ, ಯಂತ್ರವಾಗಲಿ ಬದಲಾಗಿರಲಿಲ್ಲ. ಇಂತಹ ಕೋಣೆಗಳು ನಮ್ಮ ಪ್ರತಿಯೊಂದು ವಸಾಹತಿನಲ್ಲಿಯೂ ಇವೆ. ಕೆಲಸಗಾರನೊಬ್ಬನು ‘ಮನಸ್ಸಿಗೆ ಸರಿಹೋಗಲಿಲ್ಲ’ ಎಂದಷ್ಟೇ ಹೇಳಿ ಪಕ್ಕದ ಶೆಡ್ಡಿಗೆ ಹೋದಾಗ ನಾವು ಕೂಲಿಯ ವ್ಯತ್ಯಾಸವನ್ನು ಮಾತ್ರ ಲೆಕ್ಕ ಹಾಕುತ್ತೇವೆ.

ಲೆಕ್ಕವೇ ಬೇಕೆನ್ನುವವರಿಗೆ ಇತ್ತೀಚಿನ ಅಂಕಿಅಂಶಗಳೂ ಉಂಟು. ಬ್ರಿಟಿಷ್ ಟೆಲಿಕಾಂ ಕಂಪನಿಯ 11 ದೂರವಾಣಿ ಮಾರಾಟ ಕೇಂದ್ರಗಳ ಸುಮಾರು 1,800 ನೌಕರರನ್ನು ಆರು ತಿಂಗಳ ಕಾಲ ಗಮನಿಸಿದ ಅಧ್ಯಯನವನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ 2019ರಲ್ಲಿ ಪ್ರಕಟಿಸಿತು. ವಾರವಾರವೂ ನೌಕರರ ಮನಃಸ್ಥಿತಿಯನ್ನು ಕೇಳಿ ತಿಳಿದು, ಅದನ್ನು ಆ ವಾರದ ಮಾರಾಟದೊಂದಿಗೆ ತಾಳೆ ನೋಡಲಾಯಿತು. ಸಂತೋಷದಿಂದಿದ್ದ ವಾರಗಳಲ್ಲಿ ಅವರು ಶೇ. 13ರಷ್ಟು ಹೆಚ್ಚು ಫಲ ತೋರಿದರು. ಅವರು ಹೆಚ್ಚು ಹೊತ್ತೇನೂ ದುಡಿಯಲಿಲ್ಲ. ಅದೇ ಅವಧಿಯಲ್ಲಿ ಹೆಚ್ಚು ಕರೆಗಳನ್ನು ಮುಗಿಸಿದರು. ಕರೆಗಳನ್ನು ಮಾರಾಟವಾಗಿಸುವುದರಲ್ಲಿಯೂ ಮುಂದಿದ್ದರು. ದುಡಿಮೆಯ ಅವಧಿಯನ್ನು ವಿಸ್ತರಿಸುವುದೊಂದೇ ಉತ್ಪಾದನೆ ಹೆಚ್ಚಿಸುವ ದಾರಿಯೆಂದು ಪ್ರತಿಪಾದಿಸುವವರು ಈ ಅಂಶವನ್ನು ಎರಡು ಬಾರಿ ಓದಬೇಕು. ನಮ್ಮ ರಾಜ್ಯದಲ್ಲಿ 2024ರ ಜುಲೈನಲ್ಲಿ ಮಾಹಿತಿ ತಂತ್ರಜ್ಞಾನ ಕ್ಷೇತ್ರದ ದಿನದ ದುಡಿಮೆಯನ್ನು 14 ಗಂಟೆಗಳವರೆಗೆ ಹೆಚ್ಚಿಸುವ ಪ್ರಸ್ತಾವ ಕೇಳಿಬಂದು, ನೌಕರರ ಸಂಘಟನೆಯ ತೀವ್ರ ವಿರೋಧಕ್ಕೆ ಗುರಿಯಾದುದು ಎಲ್ಲರಿಗೂ ನೆನಪಿದೆ.

ಹೋಟೆಲ್ ಉದ್ಯಮದ ಸದಸ್ಯರಿಗೆ ಇನ್ನೊಂದು ಅಧ್ಯಯನ ಹೆಚ್ಚು ಹತ್ತಿರವಾದೀತು. ಅಮೆರಿಕದ ಉಪಾಹಾರ ಗೃಹಗಳ ಸರಣಿಯೊಂದರಲ್ಲಿ ಬಡಿಸುವ ಕೆಲಸದಲ್ಲಿದ್ದ 195 ಜನರನ್ನು ಕುರಿತು ನಡೆದ ಇದು 2013ರಲ್ಲಿ ಪ್ರಕಟವಾಯಿತು. ವ್ಯವಸ್ಥಾಪಕರು ನಗುವಿಗೆ ಅವಕಾಶ ಕೊಟ್ಟು ಪ್ರೋತ್ಸಾಹಿಸುವ ಕಡೆ ಕೆಲಸ ಬಿಡುವವರು ಕಡಿಮೆಯಾದರು. ಆದರೆ ಮಾರಾಟ ಸ್ವಲ್ಪ ಕುಗ್ಗಿತು. ಸ್ಪರ್ಧೆ, ಕೂಟ ಮುಂತಾದ ಏರ್ಪಾಟುಗಳಿದ್ದ ಕಡೆ ಮಾರಾಟ ಏರಿತು. ಮಾಲೀಕರು ಏರ್ಪಡಿಸುವ ವಿನೋದದ ಬಗ್ಗೆ ಅನುಮಾನ ತೋರಿದ ನನ್ನ ವಾದಕ್ಕೆ ಈ ಫಲಿತಾಂಶ ಪೂರ್ಣ ಅನುಕೂಲವಾಗಿಲ್ಲವೆಂಬುದು ಸ್ಪಷ್ಟ. ಆದರೂ ಮಾರಾಟದ ಸ್ಪರ್ಧೆ ಎಂಬುದರಲ್ಲಿ ವಿನೋದಕ್ಕಿಂತ ಬಹುಮಾನದ ಆಸೆಯ ಪಾಲು ಹೆಚ್ಚಿರಲು ಸಾಧ್ಯ. ಇನ್ನು ಪಳಗಿದ ಸಪ್ಲೈಯರ್ ಒಬ್ಬನು ಬಿಟ್ಟುಹೋದರೆ ಹೊಸಬನನ್ನು ಹುಡುಕಿ, ತಿದ್ದಿ, ಗಿರಾಕಿಗಳ ಮುಖಪರಿಚಯ ಮಾಡಿಸುವ ವೆಚ್ಚವನ್ನು ಅಂದಂದಿನ ಗಲ್ಲಾಪೆಟ್ಟಿಗೆ ತೋರಿಸುವುದಿಲ್ಲ. ಮಾರಾಟದ ಸಣ್ಣ ಇಳಿಕೆ ಮತ್ತು ಈ ವೆಚ್ಚ ಇವುಗಳಲ್ಲಿ ಯಾವುದು ಭಾರವೆಂದು ತೂಗಿ ನೋಡುವ ಹೊಣೆ ಆಯಾ ಮಾಲೀಕರದೇ.

ಏರ್ಪಾಟುಗಳು ಕಡ್ಡಾಯವಾದಾಗ ಮಾತ್ರ ವಿಷಯ ಬೇರೆಯಾಗುತ್ತದೆ. ಪ್ಯಾರಿಸ್ಸಿನ ಸಲಹಾ ಸಂಸ್ಥೆಯೊಂದು ‘ವಿನೋದ’ವನ್ನು ತನ್ನ ಮೌಲ್ಯಗಳಲ್ಲೊಂದೆಂದು ಘೋಷಿಸಿಕೊಂಡಿತ್ತು. ಅದರ ಕೂಟಗಳಲ್ಲಿ ಭಾಗವಹಿಸಲು, ಅಲ್ಲಿನ ಕುಡಿತ ಮತ್ತು ಕುಚೇಷ್ಟೆಗಳಲ್ಲಿ ಬೆರೆಯಲು ಒಲ್ಲದ ನೌಕರನನ್ನು 2015ರಲ್ಲಿ ವಜಾ ಮಾಡಿತು. ಪ್ರಕರಣ ಆ ದೇಶದ ಸರ್ವೋಚ್ಚ ಮೇಲ್ಮನವಿ ನ್ಯಾಯಾಲಯದವರೆಗೆ ಹೋಯಿತು. ವಿನೋದದಲ್ಲಿ ಪಾಲುಗೊಳ್ಳದಿರುವುದು ನೌಕರನ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಸೇರಿದ್ದೆಂದು ಆ ನ್ಯಾಯಾಲಯ 2022ರ ನವೆಂಬರ್‌ನಲ್ಲಿ ತೀರ್ಪಿತ್ತಿತು. ನಮ್ಮಲ್ಲಿ ಇಂತಹ ಪ್ರಕರಣ ನ್ಯಾಯಾಲಯದ ಮೆಟ್ಟಿಲೇರದಿದ್ದರೂ ಬಲವಂತದ ರೂಪಗಳು ಅನೇಕ. ಪ್ರವಾಸವನ್ನು ಭಾನುವಾರವೇ ಇಟ್ಟು ನೌಕರನ ವಾರದ ರಜೆಯನ್ನು ನುಂಗುವುದು ಒಂದು. ಮನೆಯಲ್ಲಿ ಮಕ್ಕಳನ್ನೋ ವೃದ್ಧ ಅತ್ತೆಯನ್ನೋ ನೋಡಿಕೊಳ್ಳಬೇಕಾದ ಹೆಣ್ಣುಮಗಳನ್ನು ಸಂಜೆಯ ಕೂಟಕ್ಕೆ ನಿಲ್ಲಿಸಿಕೊಂಡು, ಬಾರದಿದ್ದರೆ ‘ತಂಡದ ಮನೋಭಾವವಿಲ್ಲ’ ಎಂದು ಬರೆದಿಡುವುದು ಇನ್ನೊಂದು. ಹಬ್ಬದ ಬೋನಸ್ಸನ್ನು ಮುಂದೂಡಿ ಹಾಡುಗಾರರ ತಂಡವನ್ನು ಕರೆಸುವವರೂ ಇಲ್ಲದಿಲ್ಲ. ನೌಕರರು ಅಂದು ಚಪ್ಪಾಳೆ ತಟ್ಟಿದರೂ ಊಟದ ಡಬ್ಬಿಯ ಮುಂದೆ ಕುಳಿತಾಗ ಆಡಿಕೊಳ್ಳುವ ಮಾತೇ ಬೇರೆ.

ನೌಕರರೇ ಹುಟ್ಟಿಸಿಕೊಂಡ ನಗುವೆಲ್ಲವೂ ಒಳ್ಳೆಯದೆಂದು ಇದರ ಅರ್ಥವಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ವಾಹನ ಸರ್ವಿಸ್ ಕೇಂದ್ರವೊಂದರಲ್ಲಿ ಗೆಳೆಯರಿಬ್ಬರ ಹುಡುಗಾಟದಲ್ಲಿ ಒತ್ತಡದ ಗಾಳಿಯ ಕೊಳವೆ ಬಳಕೆಯಾಗಿ, ಕರುಳಿಗೆ ತೀವ್ರ ಪೆಟ್ಟಾದ ಯುವಕನು ಆಸ್ಪತ್ರೆಯಲ್ಲಿ ಮೃತನಾದನು. ಕಂಪ್ರೆಸರ್ ಇಟ್ಟುಕೊಂಡ ಪ್ರತಿಯೊಬ್ಬ ಸದಸ್ಯರೂ ತಮ್ಮ ಹುಡುಗರನ್ನು ಕೂರಿಸಿಕೊಂಡು, ಆ ಗಾಳಿ ಮೈಗೆ ತಾಗಿದರೆ ಆಗುವ ಅನಾಹುತವನ್ನು ಒಮ್ಮೆಯಾದರೂ ಬಿಡಿಸಿ ಹೇಳಲೇಬೇಕು. ಜಾತಿ, ಮೈಬಣ್ಣ, ಹೊರರಾಜ್ಯದವನ ತೊದಲುಗನ್ನಡ ಇವುಗಳನ್ನು ಹಿಡಿದು ಆಡುವ ಹಾಸ್ಯದಲ್ಲಿ ನಗುವವರು ಎಂಟು ಜನ, ನೋಯುವವನು ಒಬ್ಬ. ಕೆಲಸ ಬಿಟ್ಟು ಹೋಗುವವನೂ ಅವನೇ. ಮಹಿಳೆಯರ ಎದುರಿನಲ್ಲಿ ಆಡುವ ಅಶ್ಲೀಲ ಮಾತುಗಳಂತೂ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ‘ತಮಾಷೆಗೆ ಅಂದೆ’ ಎಂಬುದು ಅಲ್ಲಿ ಸಮಜಾಯಿಷಿಯಾಗುವುದಿಲ್ಲ. ಹತ್ತು ಮಂದಿ ನೌಕರರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕೆಂಬುದನ್ನು ನಮ್ಮ ಎಷ್ಟೋ ಘಟಕಗಳು ಇನ್ನೂ ಮನಸ್ಸಿಗೆ ತೆಗೆದುಕೊಂಡಿಲ್ಲ.

ಹಾಗಾದರೆ ಮಾಲೀಕರ ಪಾಲು ಯಾವುದು? ನನ್ನ ಅಭಿಪ್ರಾಯದಲ್ಲಿ ಅದು ಸ್ಥಳ ಮತ್ತು ಸಮಯ ಒದಗಿಸುವುದು. ಮೇಲೆ ಹೇಳಿದ ಅತಿರೇಕಗಳನ್ನು ತಡೆಯುವುದು. ಅದಕ್ಕಿಂತ ಹೆಚ್ಚಿಲ್ಲ. 1948ರ ಕಾರ್ಖಾನೆಗಳ ಕಾಯ್ದೆಯೇ ಐದು ಗಂಟೆಗಳಿಗಿಂತ ಹೆಚ್ಚು ಕಾಲ ಎಡೆಬಿಡದೆ ದುಡಿಸಬಾರದು, ನಡುವೆ ಅರ್ಧ ಗಂಟೆಯಾದರೂ ವಿರಾಮವಿರಬೇಕು ಎಂದು ವಿಧಿಸಿತ್ತು. 150ಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ಊಟದ ಕೋಣೆ ಮತ್ತು ವಿಶ್ರಾಂತಿಯ ಸ್ಥಳ ಇರಬೇಕೆಂದೂ ಹೇಳಿತ್ತು. ಅದಕ್ಕಿಂತ ಸಣ್ಣ ಘಟಕಗಳಲ್ಲಿ ಯಂತ್ರದ ಪಕ್ಕದಲ್ಲಿಯೇ, ರಟ್ಟಿನ ಪೆಟ್ಟಿಗೆಯ ಮೇಲೆ ಕುಳಿತು ಡಬ್ಬಿ ಬಿಚ್ಚುವುದು ಇಂದಿಗೂ ಸಾಮಾನ್ಯ ದೃಶ್ಯ. ಅಲ್ಲಿಯೂ ಜನ ನಗುತ್ತಾರೆ; ಆದರೆ ಮೇಲ್ವಿಚಾರಕರ ಹೆಜ್ಜೆ ಸಪ್ಪಳ ಕೇಳಿದೊಡನೆ ನಗು ನಿಲ್ಲುತ್ತದೆ.

ಬರುವ ಆರ್ಥಿಕ ವರ್ಷದ ಆಯವ್ಯಯದಲ್ಲಿ ಮನರಂಜನೆಯ ಬಾಬ್ತಿಗೆ ಹಣ ತೆಗೆದಿರಿಸುವ ಸದಸ್ಯರು ಗುತ್ತಿಗೆದಾರರ ದರಪಟ್ಟಿ ತರಿಸುವ ಮುನ್ನ ತಮ್ಮ ನೌಕರರನ್ನೇ ಕೇಳಿ ನೋಡಲಿ. ಕೆಲವರು ಕೇರಂ ಹಲಗೆ ಬೇಕೆಂದಾರು, ಕೆಲವರು ರೇಡಿಯೋ ಹಾಕಲು ಅನುಮತಿ ಕೇಳಿಯಾರು. ಊಟಕ್ಕೊಂದು ಕೋಣೆ, ನಾಲ್ಕು ಬೆಂಚು, ಒಂದು ಫ್ಯಾನು ಇದ್ದರೆ ಸಾಕು, ಆ ಅರ್ಧ ಗಂಟೆಯಲ್ಲಿ ತುರ್ತು ಆರ್ಡರಿನ ನೆಪದಲ್ಲಿ ನಮ್ಮನ್ನು ಕರೆಯಬೇಡಿ ಎಂದು ಹೇಳುವವರೂ ಇರಬಹುದು. ರೆಸಾರ್ಟಿನ ಒಂದು ದಿನದ ಖರ್ಚಿನಲ್ಲಿ ಇವಿಷ್ಟೂ ಆಗಿ ಹಣ ಮಿಗುತ್ತದೆ.