ತಾಯಿ ಕಾರ್ಡಿನಲ್ಲಿ ಒಂದು ಸಾಲು ಖಾಲಿ

ಮಾನ್ಯ ಆರೋಗ್ಯ ಸಚಿವರಿಗೆ ಹಾಗೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ,



ಕುಬಸ ಮುಗಿದ ಮೇಲೆ ಸೊಸೆಯ ‘ತಾಯಿ ಕಾರ್ಡ್’ ತೆಗೆದು ನೋಡಿದೆ. ತೂಕ ಬರೆದಿದ್ದಾರೆ, ಬಿಪಿ ಬರೆದಿದ್ದಾರೆ, ಹಿಮೋಗ್ಲೋಬಿನ್ ಪ್ರತಿ ಸಲವೂ ಬರೆದಿದ್ದಾರೆ. ರಕ್ತದ ಸಕ್ಕರೆಯ ಸಾಲು ಮಾತ್ರ ಖಾಲಿ. ತಪಾಸಣೆ ಮಾಡಿದವರನ್ನು ಕೇಳಿದರೆ, ‘ಸ್ಟ್ರಿಪ್ ಬಂದಿಲ್ಲ, ಬೇಕಾದರೆ ಪ್ಯಾಟಿಗೆ ಹೋಗಿ ಮಾಡಿಸ್ಕೊಳ್ರಿ’ ಎಂದರು. ಓಣಿಯ ಬೇರೆ ಬಸುರಿಯರ ಕಾರ್ಡುಗಳಲ್ಲೂ ಅದೇ ಕಥೆ. ಕಳೆ ತೆಗೆಯುವ ಕೂಲಿ ಬಿಟ್ಟು, ಬೈಲಹೊಂಗಲದ ಬಸ್ಸು ಹಿಡಿದು, ಲ್ಯಾಬಿಗೆ ದುಡ್ಡು ಕಟ್ಟಿ ಬರುವ ಶಕ್ತಿ ಎಷ್ಟು ಮಂದಿಗಿದೆ?

ಅದೇನು ದೊಡ್ಡ ಪರೀಕ್ಷೆಯಲ್ಲ. 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕಲಸಿ ಕುಡಿಸಬೇಕು, ಎರಡು ತಾಸು ಬಿಟ್ಟು ಗ್ಲೂಕೋಮೀಟರಿನಲ್ಲಿ ನೋಡಬೇಕು. 140 ಮುಟ್ಟಿದರೆ ಗರ್ಭಿಣಿಯ ಸಕ್ಕರೆ ಕಾಯಿಲೆ. ಉಪವಾಸವೂ ಬೇಕಿಲ್ಲ. ಮೊದಲ ತಪಾಸಣೆಯಲ್ಲಿ ಒಮ್ಮೆ, 24ರಿಂದ 28ನೇ ವಾರದೊಳಗೆ ಮತ್ತೊಮ್ಮೆ ಎಲ್ಲ ಗರ್ಭಿಣಿಯರಿಗೂ ಮಾಡಲೇಬೇಕೆಂದು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯೇ ಹೇಳುತ್ತದೆ. ಗೊತ್ತಾದರೆ ಬಹುಪಾಲು ತಾಯಂದಿರಿಗೆ ಊಟದ ಪಥ್ಯ, ನಡಿಗೆ ಸಾಕಾಗುತ್ತದೆ. ಗೊತ್ತಾಗದಿದ್ದರೆ ಪೆಟ್ಟು ಬೀಳುವುದು ಕೂಸಿಗೆ. ತಾಯಿಯ ರಕ್ತದ ಸಕ್ಕರೆ ಮಾಸು ದಾಟಿ ಒಳಗೆ ಹೋಗುತ್ತದೆ, ಇನ್ಸುಲಿನ್ ಹೋಗುವುದಿಲ್ಲ. ಕೂಸಿನ ಎಳೆಯ ಮೇದೋಜೀರಕ ಗ್ರಂಥಿಯೇ ಹೆಚ್ಚು ಇನ್ಸುಲಿನ್ ಸುರಿಸುತ್ತದೆ, ಹೆಚ್ಚಿನ ಸಕ್ಕರೆ ಕೊಬ್ಬಾಗಿ ಕೂಡುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು ಆರು ಮಂದಿಗೆ ಈ ಕಾಯಿಲೆ ಇತ್ತು. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಆ ಗರ್ಭಿಣಿಯರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಒಂಬತ್ತು ಹತ್ತರ ವಯಸ್ಸಿಗೇ ಕಾಯಿಲೆಯಿದ್ದ ತಾಯಂದಿರ ಮಕ್ಕಳಲ್ಲಿ ಉಳಿದವರಿಗಿಂತ ಕೊಬ್ಬು, ಇನ್ಸುಲಿನ್‌ಗೆ ಮೈ ಸರಿಯಾಗಿ ಸ್ಪಂದಿಸದ ಇನ್ಸುಲಿನ್ ಪ್ರತಿರೋಧ ಹೆಚ್ಚಿತ್ತು.

ನಮ್ಮ ಹೊಲದ ಹೆಣ್ಣುಮಕ್ಕಳು ತೆಳ್ಳಗಿದ್ದಾರೆ, ಅವರಿಗೆಲ್ಲಿಯ ಸಕ್ಕರೆ ಎನ್ನುವವರಿದ್ದಾರೆ. ಪುಣೆ ಹತ್ತಿರದ ಹಳ್ಳಿಗಳಲ್ಲಿ ಡಾ. ಯಾಜ್ಞಿಕ್ ಅಧ್ಯಯನ ಮಾಡಿದ ತಾಯಂದಿರೂ ಹೊಲದಲ್ಲಿ ದುಡಿಯುವವರೇ. ಅವರ ಕೂಸುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಕೂಸುಗಳದು 3.5. ಆದರೂ ಈ ಸಣ್ಣ ಮೈಗಳಲ್ಲಿ ಕಡಿಮೆಯಾಗಿದ್ದುದು ಹೆಚ್ಚಾಗಿ ಸ್ನಾಯು, ಕೊಬ್ಬು ಅಷ್ಟಲ್ಲ. ತಾಯಿಗೆ ಫೋಲೇಟ್ ಹೇರಳವಾಗಿದ್ದು ವಿಟಮಿನ್ ಬಿ12 ಕಡಿಮೆಯಿದ್ದರೆ, ಮಗು ಆರು ವರ್ಷಕ್ಕೆ ಬರುವಾಗ ಇನ್ಸುಲಿನ್ ಪ್ರತಿರೋಧ ಹೆಚ್ಚಿರುತ್ತದೆಂದೂ ಅಲ್ಲಿ ಕಂಡುಬಂತು. ಕಬ್ಬಿಣ, ಫೋಲಿಕ್ ಆಸಿಡ್ ಗುಳಿಗೆ ನಿಲ್ಲಿಸಿ ಎನ್ನುತ್ತಿಲ್ಲ, ಅವು ಬೇಕೇ ಬೇಕು. ಜೊತೆಗೆ ಬಿ12 ಎಲ್ಲಿಂದ ಬರಬೇಕು ಎಂದು ಕೇಳುತ್ತಿದ್ದೇನೆ.

2017ರ ಅಕ್ಟೋಬರ್ 2ರಿಂದ ರಾಜ್ಯದ ತುಂಬ ಜಾರಿಗೆ ಬಂದ, ಗರ್ಭಿಣಿಯರಿಗೆ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆಯಲ್ಲಿ ಅನ್ನ ಸಾಂಬಾರಿನ ಜೊತೆ ಹಾಲು, ಮೊಟ್ಟೆ, ಶೇಂಗಾ ಚಿಕ್ಕಿ ಸೇರಿಸಿದ್ದು ಒಳ್ಳೆಯ ಕೆಲಸ. ಮೊಟ್ಟೆ ತಿನ್ನದವರಿಗೆ ಮೊಳಕೆಕಾಳು ಎಂದಿದೆ. ನಮ್ಮ ಕಡೆ ಮೊಟ್ಟೆ ಮುಟ್ಟದ ಮನೆಗಳು ಬಹಳ, ಕಾಳಿನಲ್ಲಿ ಬಿ12 ಇಲ್ಲ. ಅವರಿಗೆ ಗತಿಯೆಂದರೆ ಹಾಲು, ಮೊಸರು. ಎಮ್ಮೆ ಕಟ್ಟಿದ ಮನೆಗಳಲ್ಲೂ ಬೆಳಗಿನ ಹಾಲು ನೇರ ಡೇರಿಗೆ ಹೋಗುತ್ತದೆ. ಮೇವಿನ ಸಾಲ ತೀರಬೇಕಲ್ಲ. ಮನೆಯಲ್ಲಿ ಬಸುರಿಯ ಪಾಲಿಗೆ ಉಳಿಯುವುದು ಚಹಾಕ್ಕೆ ಹಾಕುವಷ್ಟು.

ಆದ್ದರಿಂದ ಕೇಳುವುದು ಇಷ್ಟು. ಸ್ಟ್ರಿಪ್, ಗ್ಲೂಕೋಸ್ ಪೊಟ್ಟಣ ತಾಲೂಕಿನಲ್ಲಿ ನಿಲ್ಲದೆ ಉಪಕೇಂದ್ರದವರೆಗೆ ಬರಲಿ. ಮೊಟ್ಟೆ ತಿನ್ನದ ಗರ್ಭಿಣಿಗೆ ಕಾಳಿನ ಜೊತೆ ಒಂದು ಬಟ್ಟಲು ಮೊಸರು ಸಿಗಲಿ. ಸಕ್ಕರೆ ಕಂಡುಬಂದವರ ತಟ್ಟೆಗೆ ಅನ್ನ ಕಡಿಮೆ ಮಾಡಿ ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆ ಬೀಳಲಿ. ಜೋಳ ನಮ್ಮ ಎರೆಹೊಲದಲ್ಲೇ ಬೆಳೆಯುತ್ತದೆ. ಜನವರಿಯಲ್ಲಿ ಸಂಗೊಳ್ಳಿ ರಾಯಣ್ಣನ ಉತ್ಸವಕ್ಕೆ ಸರ್ಕಾರವೇ ನಮ್ಮೂರಿಗೆ ಬರುತ್ತದೆ. ಅಷ್ಟರೊಳಗೆ ಸ್ಟ್ರಿಪ್ ಆದರೂ ಬಂದಿರಬೇಕು, ಏಕೆಂದರೆ ಈಗ ಐದು ತಿಂಗಳಿರುವವರ 28ನೇ ವಾರ ಉತ್ಸವಕ್ಕೆ ಕಾಯುವುದಿಲ್ಲ.

ಇತಿ,
ಸಂಗೊಳ್ಳಿಯ ಒಬ್ಬ ರೈತ ಮಹಿಳೆ